ಚೆಲ್ಲಮ್ಮನನ್ನು ಸಿಲೋನಿಗೆ ಒಪ್ಪಿಸಿ ಬಂದದ್ದು

ಆಗ ನನಗೆ ಐವತ್ತೊಂದು ವರ್ಷ. ಅದು ನಡೆದು ಈಗ ಹದಿನೈದು ವರ್ಷವಾಯಿತು. ಸಿಲೋನಿಗೆ ಹೋಗಿ ಬಂದವರು ಮುತ್ತು, ಏಲಕ್ಕಿ, ಆನೆ ಅಂತ ಕಥೆ ಹೇಳುತ್ತಾರೆ. ನಾನು ಆನೆ ನೋಡಲಿಲ್ಲ. ನೋಡಿದ್ದನ್ನು ಮಾತ್ರ ಬರೆಯುತ್ತೇನೆ. ಬರೆಯಲು ಕೂತದ್ದು ಸಿಟ್ಟಿನಿಂದ. ಇಷ್ಟು ವರ್ಷವಾದರೂ ಅದು ಆರಿಲ್ಲ.

ಬಂಗಾರಪೇಟೆ ಸ್ಟೇಷನ್

ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಗಂಡ ಸತ್ತ ಮೇಲೆ ಚಿನ್ನದ ಗಣಿಯಿರುವ ಊರಿಗಾಮಿನ ಒಂದು ಅನಾಥ ಹೆಣ್ಣುಮಕ್ಕಳ ಮನೆಯಲ್ಲಿ ಅಡುಗೆಗೆ ಸೇರಿದೆ. ಗಣಿಯೊಳಗೆ ಅಪ್ಪ ಸತ್ತು, ಕಾಯಿಲೆಯಲ್ಲಿ ತಾಯಿ ಸತ್ತು, ಯಾರೂ ಬೇಡವೆಂದ ಮಕ್ಕಳು ಅಲ್ಲಿ ಎಂಬತ್ತು ಜನ. ಅವರಿಗೆ ಪಾಠ ಹೇಳುವ ಹೊತ್ತಿನಲ್ಲಿ ನಾನು ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಾ ನಾಲ್ಕು ಅಕ್ಷರ ಕಲಿತೆ. ಮಕ್ಕಳೆಲ್ಲ ನನ್ನನ್ನು ಅವ್ವ ಅನ್ನುತ್ತಿದ್ದರು.

ಚೆಲ್ಲಮ್ಮ ಅಲ್ಲಿಗೆ ಬಂದಾಗ ನಾಲ್ಕು ವರ್ಷದವಳು. ಹದಿನಾಲ್ಕು ವರ್ಷ ಅಲ್ಲೇ ಬೆಳೆದಳು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ಮಲಗುವುದು. ಕೆಲಸಗಳ್ಳಿ ಅಲ್ಲ. ಹತ್ತು ವರ್ಷಕ್ಕೇ ನನ್ನ ಜೊತೆ ಒಲೆ ಮುಂದೆ ನಿಂತವಳು. ಕಂಬದಂಥ ಕೋಲು ಹಿಡಿದು ಹಂಡೆಯಲ್ಲಿ ರಾಗಿಹಿಟ್ಟು ತಿರುವಿದರೆ ಒಂದು ಗಂಟು ಉಳಿಯುತ್ತಿರಲಿಲ್ಲ.

ಅಲ್ಲಿ ಒಂದು ಕಾನೂನು. ಹದಿನೆಂಟು ತುಂಬಿದವಳು ಒಳಗೆ ಇರುವಂತಿಲ್ಲ. ಮದುವೆಯಾಗಬೇಕು, ಇಲ್ಲ ಕೆಲಸಕ್ಕೆ ಹೋಗಬೇಕು. ಚೆಲ್ಲಮ್ಮನಿಗೆ ಗಂಡು ಸಿಗಲಿಲ್ಲ. ಸಿಲೋನಿನ ಒಂದು ಟೀ ತೋಟದಲ್ಲಿ ಆಯಾ ಕೆಲಸ ಸಿಕ್ಕಿತು. ಮನೆಯ ಮೇಟ್ರನ್ ನನ್ನನ್ನು ಕರೆದರು.

"ನಂಜಮ್ಮ, ನೀವು ಜೊತೇಲಿ ಹೋಗಿ. ತೋಟದ ಆಫೀಸಿನಲ್ಲಿ ಇವಳನ್ನ ಒಪ್ಪಿಸಿ, ಈ ಕಾಗದದ ಮೇಲೆ ರುಜು ಹಾಕಿಸಿಕೊಂಡು, ಅದೇ ದಿನ ವಾಪಸ್ ಹೊರಡಬೇಕು."

"ಆಮ್ಯಾಕೆ ಇವ್ಳ ಗತಿ?"

"ಆಮೇಲೆ ಅವಳು ಸ್ವತಂತ್ರಳು."

ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಎಮ್ಮೆಯ ಹಗ್ಗ ಕೊಯ್ದು ಕಾಡಿಗೆ ಅಟ್ಟಿದರೆ ಅದನ್ನೂ ಸ್ವತಂತ್ರ ಅನ್ನಬಹುದು. ಆದರೆ ಆ ದಿನ ನನಗೆ ಇದು ಹೊಳೆಯಲಿಲ್ಲ. ರೈಲು ಹತ್ತುವ ಆಸೆಯಲ್ಲಿ ಹೂಂ ಅಂದುಬಿಟ್ಟೆ.

ಒಂದು ತಗಡಿನ ಟ್ರಂಕು, ಎರಡು ಸೀರೆ, ಒಳ್ಳೆಯ ನಡತೆಯವಳು ಅನ್ನುವ ಒಂದು ಸರ್ಟಿಫಿಕೇಟು, ಇಷ್ಟನ್ನು ಕೊಟ್ಟು ಕಳಿಸಿದರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲಿನ ಗಂಟೆ ಹೊಡೆಯಿತು. ಚೆಲ್ಲಮ್ಮ ತಟ್ಟನೆ ಎದ್ದು ಕೈ ತೊಳೆಯಲು ನೀರು ಹುಡುಕಿದಳು. ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆಗ ನಕ್ಕದ್ದಕ್ಕೆ ಈಗಲೂ ನನಗೆ ನನ್ನ ಮೇಲೆ ಕೋಪ ಬರುತ್ತದೆ.

ಕಡಲೆಕಾಯಿ ಮಾರುವವಳು ಬುಟ್ಟಿ ಇಳಿಸಿ, "ಏನ್ ಬೇಕಮ್ಮಾ? ಕಳ್ಳೇಕಾಯಾ, ಬಾಳೇಣ್ಣಾ?" ಅಂತ ಅವಳನ್ನು ಕೇಳಿದಳು.

ಚೆಲ್ಲಮ್ಮ ನನ್ನ ಮುಖ ನೋಡಿದಳು. "ನಂಗೇನ್ ಬೇಕು ಅವ್ವಾ?"

ಹದಿನೆಂಟು ವರ್ಷದ ಹೆಣ್ಣು. ತನಗೆ ಕಡಲೆಕಾಯಿ ಬೇಕೋ ಬಾಳೆಹಣ್ಣು ಬೇಕೋ ನನ್ನನ್ನು ಕೇಳುತ್ತಾಳೆ.

ಮಂಡಪಂ

ರೈಲು ಬದಲಾಯಿಸಿ ಬದಲಾಯಿಸಿ ಸೊಂಟ ಬಿದ್ದುಹೋಯಿತು. ಕೊನೆಗೆ ಸಮುದ್ರದ ದಂಡೆಯಲ್ಲಿ ಮಂಡಪಂ ಅನ್ನುವ ಕಡೆ ಇಳಿಸಿದರು. ತೋಟಗಳಿಗೆ ಹೋಗುವ ಕೂಲಿಯವರನ್ನೆಲ್ಲ ಅಲ್ಲಿಯ ಕ್ಯಾಂಪಿನಲ್ಲಿ ತಡೆದು, ರೋಗ ರುಜಿನ ಇಲ್ಲ ಅಂತ ನೋಡಿ ಆಮೇಲೆ ಹಡಗು ಹತ್ತಿಸುತ್ತಾರೆ. ನಮ್ಮನ್ನು ಐದು ದಿನ ಇಟ್ಟುಕೊಂಡರು.

ಮೊದಲ ದಿನವೇ ಬಟ್ಟೆಗಳನ್ನೆಲ್ಲ ಕಿತ್ತುಕೊಂಡು ಹಬೆಯ ಪೆಟ್ಟಿಗೆಗೆ ಹಾಕಿದರು. ನನ್ನ ಸೀರೆಯ ಗಂಟಿನಲ್ಲಿ ಎಲೆ ಅಡಿಕೆ ಚೀಲ ಇತ್ತು, ಹೇಳಿದರೂ ಯಾರೂ ಕೇಳಲಿಲ್ಲ. ಅಡಿಕೆಯ ಬಣ್ಣ ಬಿಟ್ಟು, ಬಿಳಿ ಸೀರೆ ಹೋಗಿ ಕಾವಿ ಸೀರೆ ಬಂತು. ಅದನ್ನೇ ಉಟ್ಟುಕೊಂಡು ಹೊರಗೆ ಬಂದರೆ ಇಬ್ಬರು ಹೆಂಗಸರು ಸನ್ಯಾಸಿನಿ ಅಂತ ಕಾಲು ಮುಟ್ಟಿದರು. ತೋಳಿಗೆ ಸೂಜಿ ಚುಚ್ಚಿದವನು ಮುಖವನ್ನೂ ನೋಡಲಿಲ್ಲ. ಸಾಲಿನಲ್ಲಿ ನಿಲ್ಲಿಸಿ ಎಣಿಸುತ್ತಿದ್ದರು. ಸಾಲಿನಲ್ಲೇ ಅನ್ನ, ಸಾಲಿನಲ್ಲೇ ನೀರು. ಎಲ್ಲರೂ ಬೈಯುತ್ತಿದ್ದರು. ತಂಜಾವೂರಿನ ಕಡೆಯ ಒಬ್ಬ ಮುದುಕ, "ನಾವೇನ್ ಮನುಷ್ಯರಾ, ಕುರಿಗಳಾ?" ಅಂತ ತಟ್ಟೆ ಎಸೆದ.

ಚೆಲ್ಲಮ್ಮ ಒಬ್ಬಳೇ ನೆಮ್ಮದಿಯಾಗಿದ್ದಳು. ರೈಲಿನಲ್ಲಿ ಬಾಡಿದ್ದ ಮುಖ ಅಲ್ಲಿ ಅರಳಿತು. ಗಂಟೆ ಹೊಡೆದ ತಕ್ಷಣ ಸಾಲಿನ ಮುಂದೆ ಇವಳೇ. ತಟ್ಟೆ ತೊಳೆದು ಕವುಚಿ ಇಡುವುದನ್ನು ಬೇರೆಯವರಿಗೂ ಹೇಳಿಕೊಟ್ಟಳು. ಮೂರನೆಯ ದಿನ ಮೆಲ್ಲಗೆ ಕೇಳಿದಳು:

"ಅವ್ವಾ, ನನ್ನ ಇಲ್ಲೇ ಇರಾಕೆ ಬಿಡ್ತಾರಾ?"

ಅವಳ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಆಮೇಲೆ ಗೊತ್ತಾಯಿತು, ಹೊಡೆಯಬೇಕಾದವರು ಅವಳಲ್ಲ. ಕುರಿದೊಡ್ಡಿಯಂಥ ಜಾಗವನ್ನು ಒಬ್ಬಳು ತನ್ನ ಮನೆ ಅಂದುಕೊಳ್ಳಬೇಕಾದರೆ ಅವಳನ್ನು ಬೆಳೆಸಿದ ಮನೆ ಎಂಥದಿರಬೇಕು? ಆ ಮನೆಯ ಅನ್ನ ಬೇಯಿಸಿದವಳು ನಾನು.

ಸಮುದ್ರ, ಆಚೆ ದಡ

ಸಮುದ್ರದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ನಮ್ಮ ಬೇತಮಂಗಲದ ಕೆರೆ ತುಂಬಿದಾಗ ನೋಡಿದವರು ಅದಕ್ಕೆ ಆಚೆ ದಡ ಇಲ್ಲ ಅಂದುಕೊಂಡರೆ ಸಾಕು. ಹಡಗಿನಲ್ಲಿ ಕೂತದ್ದು ಎರಡು ಗಂಟೆ. ಅಷ್ಟರಲ್ಲೇ ಒಬ್ಬಳು ನನ್ನ ಮಡಿಲಿಗೇ ವಾಂತಿ ಮಾಡಿಕೊಂಡಳು. ಸೀರೆ ಮೊದಲೇ ಕೆಟ್ಟಿತ್ತು, ಬೈಯಲಿಲ್ಲ.

ಆಚೆ ತಲೈಮನ್ನಾರಿನಲ್ಲಿ ಮತ್ತೆ ರೈಲು. ಅಲ್ಲಿಯ ಸಿಂಹಳದ ಕೆಲವು ಗಂಡಸರು ಕೂದಲು ಬಿಟ್ಟು, ಹಿಂದೆ ತುರುಬು ಕಟ್ಟಿ, ನೆತ್ತಿಯ ಮೇಲೆ ಬಳೆಯಂತೆ ಬಾಗಿದ ಬಾಚಣಿಗೆ ಸಿಕ್ಕಿಸಿಕೊಂಡಿರುತ್ತಾರೆ. ಬಾಚಿಕೊಂಡು ತೆಗೆಯಲು ಮರೆತಿದ್ದಾನೆ ಅಂತ ನಾನು ಒಬ್ಬನಿಗೆ ಕೈಸನ್ನೆಯಲ್ಲಿ ತೋರಿಸಿದೆ. ಅವನು ಗೌರವದಿಂದ ತಲೆ ಮುಟ್ಟಿಕೊಂಡು ನನಗೆ ಕೈ ಮುಗಿದ. ಎಳನೀರು ಅಲ್ಲಿ ಹಸಿರಲ್ಲ, ಕಿತ್ತಳೆ ಬಣ್ಣ. ಅದನ್ನು ಮಾರುವ ಹೆಂಗಸರು ಕೂಗುವುದಿಲ್ಲ, ಸುಮ್ಮನೆ ನಿಂತು ನಗುತ್ತಾರೆ. ನಮ್ಮ ಸ್ಟೇಷನ್ನಿನಲ್ಲಿ ಹಾಗೆ ನಿಂತರೆ ಸಂಜೆಯವರೆಗೆ ಒಂದು ಕಾಯೂ ಹೋಗುವುದಿಲ್ಲ.

ಹಟನ್ ಅನ್ನುವ ಊರಿನಲ್ಲಿ ಇಳಿದಾಗ ಚಳಿಗೆ ಹಲ್ಲು ಕಟಕಟ ಅಂದವು. ಗುಡ್ಡಗಳ ಮೇಲೆಲ್ಲ ಟೀ ಗಿಡ, ಗುಡ್ಡದ ತಲೆಗೆ ಕ್ಷೌರ ಮಾಡಿಸಿದ ಹಾಗೆ ಸಮ. ನಮ್ಮಲ್ಲಿ ಗುಡ್ಡ ಅಂದರೆ ಗಣಿಯ ಮಣ್ಣು ಸುರಿದ ಬೂದಿ ಬಣ್ಣದ ಗುಡ್ಡ, ಒಂದು ಹುಲ್ಲು ಹುಟ್ಟುವುದಿಲ್ಲ. ಆದರೆ ಕೂಲಿಯವರ ಲೈನು ಮನೆ ಮಾತ್ರ ಅಲ್ಲೂ ಇಲ್ಲೂ ಒಂದೇ. ಒಂದು ಕೋಣೆ, ಒಂದು ಬಾಗಿಲು, ಮುಂದೆ ಒಂದು ಮೋರಿ.

ತೋಟ, ಮೊದಲ ದಿನ

ಆಫೀಸಿನ ಗುಮಾಸ್ತ ಚೆಲ್ಲಮ್ಮನ ಮುಖ ನೋಡಿದ, ಕಾಗದ ನೋಡಿದ, ರುಜು ಹಾಕಿದ. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಸಂಜೆ ಹಟನ್‌ಗೆ ಲಾರಿ ಇದೆ, ಅದರಲ್ಲಿ ಹೋಗು ಅಂದ.

ಅವಳಿಗೆ ಲೈನಿನಲ್ಲಿ ಒಂದು ಕೋಣೆ ಕೊಟ್ಟರು. ಹೆಂಗಸರು ಎಲೆ ಕೀಳಲು ಹೋದಾಗ ಕೂಸುಗಳನ್ನು ಬಿಟ್ಟುಹೋಗುವ ಒಂದು ಚಪ್ಪರ ಇದೆ, ಅಲ್ಲಿ ಇವಳಿಗೆ ಕೆಲಸ. ಪಕ್ಕದ ಕೋಣೆಯವಳು ಪೇಚಿಯಮ್ಮ. ಅವಳ ಗಂಡ ಕಂಗಾಣಿ, ಅಂದರೆ ಕೂಲಿಯವರ ಮೇಸ್ತ್ರಿ. ದೊಡ್ಡ ಬಾಯಿಯ, ದೊಡ್ಡ ಮೂಗುಬೊಟ್ಟಿನ ಹೆಂಗಸು. ಅವಳದು ತಮಿಳು. ಊರಿಗಾಮಿನಲ್ಲಿ ಇದ್ದವರಿಗೆ ತಮಿಳು ಹೊಸದೇನಲ್ಲ.

ತೋಟದವರು ವಾರದ ಅಕ್ಕಿಯನ್ನು ಒಟ್ಟಿಗೆ ಅಳೆದು ಕೊಟ್ಟಿದ್ದರು. ಕಾಲಿಗೆ ಹತ್ತಿದ ಜಿಗಣೆ ಬಿಡಿಸಿಕೊಂಡು ಬರೋಣ ಅಂತ ನಾನು ನಲ್ಲಿಯ ಕಡೆ ಹೋದೆ. ಬರುವಷ್ಟರಲ್ಲಿ ಲೈನಿನ ಮುಂದೆ ಮೂರು ಕಲ್ಲು ಹೂಡಿ, ಹಬ್ಬಕ್ಕೆ ಅಂತ ಇಟ್ಟಿದ್ದ ಹಂಡೆಯನ್ನು ಯಾರಿಂದಲೋ ಕೇಳಿ ತಂದು, ಚೆಲ್ಲಮ್ಮ ಸೆರಗು ಕಟ್ಟಿ ನಿಂತಿದ್ದಳು. ವಾರದ ಅಕ್ಕಿ ಪೂರಾ ಕುದಿಯುತ್ತಿತ್ತು. ಸುತ್ತ ಇಪ್ಪತ್ತು ಜನ.

"ಯಾರ ಮನೆ ಮದುವೆ ಅಕ್ಕಾ?" ಅಂತ ಪೇಚಿಯಮ್ಮ ನನ್ನನ್ನು ಕೇಳಿದಳು.

"ಲೇ, ಏನೇ ಇದು? ನಿನ್ ಒಬ್ಬಳ ಒಟ್ಟೆಗೆ ಇಷ್ಟಾ?" ಅಂತ ನಾನು ಚೆಲ್ಲಮ್ಮನನ್ನು ಗದರಿದೆ.

ಚೆಲ್ಲಮ್ಮನ ಕಣ್ಣು ತುಂಬಿತು. "ಇದ್ಕಿಂತ ಕಮ್ಮಿ ಮಾಡೋದು ನಂಗೆ ಬರಲ್ಲವ್ವಾ. ನೀನೇ ಅಲ್ವಾ ಕಲಿಸಿದ್ದು?"

ನಿಜ. ನಾನೇ ಕಲಿಸಿದ್ದು. ಅವಳ ಕೈಗೆ ಎಂಬತ್ತು ಜನರ ಅಳತೆ ಗೊತ್ತು, ಒಬ್ಬಳ ಅಳತೆ ಗೊತ್ತಿಲ್ಲ. ಎಂಟು ವರ್ಷ ನನ್ನ ಪಕ್ಕದಲ್ಲಿ ನಿಂತವಳಿಗೆ ಒಂದು ದಿನವೂ ಒಂದು ಚಿಕ್ಕ ಮಡಕೆ ಕೊಟ್ಟು, ನಿನಗೆ ನೀನೇ ಬೇಯಿಸಿಕೋ ಅಂತ ನಾನು ಹೇಳಿರಲಿಲ್ಲ. ಅನ್ನ ಲೈನಿನವರೆಲ್ಲ ಉಂಡರು. ಹೊಗಳಿದರು ಬೇರೆ. ಮರುದಿನದಿಂದ ಅವರ ಬಳಿಯೇ ಅಕ್ಕಿ ಸಾಲ ತಂದದ್ದಾಯಿತು.

ಸಂಜೆ ಲಾರಿ ಬಂತು. ನಾನು ಗಂಟು ಎತ್ತಿಕೊಂಡೆ. ಚೆಲ್ಲಮ್ಮ ಕೋಣೆಯೊಳಗೆ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲು ಪೂರಾ ತೆರೆದಿತ್ತು, ಚಳಿಗಾಳಿ ನುಗ್ಗುತ್ತಿತ್ತು.

"ಬಾಗ್ಲು ಆಕ್ಕೊಳ್ಳೇ," ಅಂದೆ.

"ಯಾರ್ ಆಕ್ತಾರೆ ಅವ್ವಾ? ಚಿಲಕ ಆಕೋರು ಇನ್ನೂ ಬಂದಿಲ್ಲ."

ಊರಿಗಾಮಿನ ಆ ಮನೆಯಲ್ಲಿ ಮಕ್ಕಳು ಮಲಗುವ ಕೋಣೆಗೆ ಚಿಲಕ ಇದ್ದದ್ದು ಹೊರಗಡೆ. ಹೊರಗಿನಿಂದ ಹಾಕುತ್ತಿದ್ದರು, ಹೊರಗಿನಿಂದ ತೆಗೆಯುತ್ತಿದ್ದರು. ಒಳಗಿನಿಂದ ತನ್ನ ಬಾಗಿಲನ್ನು ತಾನೇ ಹಾಕಿಕೊಳ್ಳಬಹುದು ಅನ್ನುವುದು ಈ ಹುಡುಗಿಗೆ ಗೊತ್ತೇ ಇರಲಿಲ್ಲ. ಇವಳನ್ನು ಇಂಥ ಲೈನಿನಲ್ಲಿ, ಹೆಂಡ ಕುಡಿದ ನೂರು ಗಂಡಸರ ನಡುವೆ, ಬಾಗಿಲು ತೆರೆದು ಬಿಟ್ಟುಹೋಗಬೇಕು! ಮೇಟ್ರನ್ ಎದುರಿಗಿದ್ದಿದ್ದರೆ ಆ ಟ್ರಂಕನ್ನು ಅವರ ತಲೆಯ ಮೇಲೆ ಎತ್ತಿ ಹಾಕುತ್ತಿದ್ದೆ.

ಲಾರಿಯವನಿಗೆ ಹೋಗು ಅಂದೆ.

ಮೂರನೆಯ ದಿನ

ಪೇಚಿಯಮ್ಮ ವೀಳ್ಯದೆಲೆ ಮೆಲ್ಲುತ್ತಾ ಬಂದು, "ಅಕ್ಕಾ, ಸಿಹಿ ಸುದ್ದಿ. ನನ್ನ ಮೈದುನನಿಗೆ ನಿಮ್ಮ ಪೊಣ್ಣನ್ನ ಕೇಳಿದೆ. ಒಪ್ಪಿದಳು," ಅಂದಳು.

ಆ ಮೈದುನನನ್ನು ಅಷ್ಟರಲ್ಲೇ ನಾನು ನೋಡಿದ್ದೆ. ಹೆಂಡತಿ ಸತ್ತವನು, ನಾಲ್ಕು ಮಕ್ಕಳು, ಮಧ್ಯಾಹ್ನಕ್ಕೇ ಕಾಲು ನಿಲ್ಲುತ್ತಿರಲಿಲ್ಲ. ಚೆಲ್ಲಮ್ಮನನ್ನು ಎಳೆದು ಕೂರಿಸಿದೆ.

"ಆ ಯಮ್ಮ ಕೇಳಿದ್ದಕ್ಕೆ ಏನಂದೆ?"

"ಸರಿ ಅಂದೆ."

"ಅವನ ಮುಖ ನೋಡಿದೀಯಾ?"

"ಇಲ್ಲ."

"ಮತ್ಯಾಕೆ ಸರಿ ಅಂದೆ, ಮೂದೇವಿ?"

"ಕೇಳಿದ್ರಲ್ಲ ಅವ್ವಾ."

ಅಷ್ಟೇ. ಕೇಳಿದರು, ಸರಿ ಅಂದಳು. ಹದಿನಾಲ್ಕು ವರ್ಷ ಅವಳು ಕಲಿತದ್ದು ಆ ಒಂದು ಮಾತು. ಒಳ್ಳೆಯ ನಡತೆಯವಳು ಅಂತ ಸರ್ಟಿಫಿಕೇಟು ಕೊಟ್ಟದ್ದು ಅದಕ್ಕೇ.

ಪೇಚಿಯಮ್ಮನ ಮೇಲೆ ಹಾರಿಬಿದ್ದೆ. ಅವಳು ಹೆದರುವವಳಲ್ಲ. "ಏನಕ್ಕಾ ಕೂಗಾಡ್ತೀಯ? ನೀನು ನಾಳೆ ಹಡಗು ಹತ್ತಿ ಹೋಗ್ತೀಯ. ಒಂಟಿ ಹೆಣ್ಣು ಲೈನಿನಲ್ಲಿ ಇದ್ದರೆ ಏನಾಗುತ್ತೆ ಅಂತ ನಿನಗೆ ಗೊತ್ತಾ, ನನಗೆ ಗೊತ್ತಾ? ನನ್ನ ಮೈದುನ ಕುಡುಕನೇ. ಆದರೂ ಒಂದು ಹೆಸರು ಇರುತ್ತಲ್ಲ ಅವಳಿಗೆ."

 ಬೇಡ ಅಂತ ನಾನು ಹೇಳಬಹುದಿತ್ತು. ಆದರೆ ನಾನು ಹೋದ ಮರುದಿನ ಇನ್ನೊಬ್ಬ ಕೇಳುತ್ತಾನೆ, ಅವನಿಗೂ ಸರಿ ಅನ್ನುತ್ತಾಳೆ. "ಐದಾರು ದಿನ ತಡಿಯಮ್ಮಾ, ಆಮೇಲೆ ಅವಳನ್ನೇ ಕೇಳು," ಅಂದೆ. ಪೇಚಿಯಮ್ಮ ಒಪ್ಪಿದಳು.

ನಾಲ್ಕರಿಂದ ಎಂಟು

ಆ ದಿನಗಳಲ್ಲಿ ನಾನು ಮಾಡಿದ್ದನ್ನು ನೋಡಿದವರು ಮುದುಕಿಗೆ ಮಂಡೆ ಕೆಟ್ಟಿದೆ ಅಂದುಕೊಂಡಿರಬೇಕು. ಬೆಳಿಗ್ಗೆ ತಮಟೆ ಬಡಿದರೆ ಕೆಲಸಕ್ಕೆ ಹೋಗುವುದು ಚೆಲ್ಲಮ್ಮನಿಗೆ ಸುಲಭ. ತೊಂದರೆ ಎಲ್ಲ ತಮಟೆ ಇಲ್ಲದ ಹೊತ್ತಿನಲ್ಲಿ. ಕೆಲಸ ಮುಗಿಸಿ ಬಂದವಳಿಗೆ ನಾನು ಬೇಕೆಂದೇ ಕೆಲಸಕ್ಕೆ ಬಾರದ್ದನ್ನು ಹೇಳುತ್ತಿದ್ದೆ.

"ಆ ಕಲ್ಲೆತ್ತಿ ತಲೆ ಮ್ಯಾಗೆ ಇಟ್ಕೊ."

ಇಟ್ಟುಕೊಳ್ಳುತ್ತಿದ್ದಳು.

"ಯಾಕೆ ಇಟ್ಕೊಂಡೆ? ಒಲ್ಲೆ ಅನ್ನು."

"ಒಲ್ಲೆ."

"ಕಲ್ಲು ಇಳಿಸಿ ಅನ್ನೇ!"

ಲೈನಿನ ಮಕ್ಕಳಿಗೆ ಇದು ದೊಡ್ಡ ತಮಾಷೆ. ಅವರೂ ಬಂದು, "ಅಕ್ಕಾ, ಕುಣಿ," "ಅಕ್ಕಾ, ಕೋಳಿ ಥರ ಕೂಗು," ಅನ್ನುತ್ತಿದ್ದರು. ಇವಳು ಮೊದಲ ದಿನ ಕೋಳಿಯ ಹಾಗೆ ಕೂಗಿದಳು ಕೂಡ. ಒಂದು ಹಿಡಿ ಅಕ್ಕಿ ಎಷ್ಟು ಅನ್ನವಾಗುತ್ತದೆ, ಉಪ್ಪು ಎಷ್ಟು, ಒಳಗಿನ ಚಿಲಕ ಹೇಗೆ ಹಾಕುವುದು, ಹೊರಗೆ ಯಾರಾದರೂ ಕರೆದರೆ ತೆಗೆಯುವ ಮುಂಚೆ ಯಾರು ಅಂತ ಕೇಳುವುದು, ಎಲ್ಲ ಮೂರು ವರ್ಷದ ಕೂಸಿಗೆ ಹೇಳುವ ಹಾಗೆ ಹೇಳಿದೆ. ಎರಡು ಸಲ ಅನ್ನ ಸೀಯಿತು. ಸೀದದ್ದನ್ನೇ ತಿನ್ನು ಅಂದೆ.

ಆರನೆಯ ದಿನ ನೀರು ತಾ ಅಂದೆ. ಅವಳು ಅಲುಗಲಿಲ್ಲ. "ಒಲ್ಲೆ ಅವ್ವಾ. ಕಾಲು ನೋಯ್ತದೆ. ನೀನೇ ತಗೊಂಬಾ," ಅಂದಳು. ಅಂದ ಮೇಲೆ ಹೊಡೆತ ಬೀಳುತ್ತದೇನೋ ಅಂತ ಕಣ್ಣು ಮುಚ್ಚಿಕೊಂಡಳು. ನಾನು ಬಿಂದಿಗೆ ಎತ್ತಿಕೊಂಡು ಹೋದೆ. ನಲ್ಲಿ ಗುಡ್ಡದ ಕೆಳಗೆ, ಹತ್ತುವಾಗ ಉಸಿರು ಕಟ್ಟಿತು. ಆದರೆ ಅಂಥ ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಎಂಟನೆಯ ದಿನ ಸೆರಗು ಹಿಡಿದು ಅತ್ತಳು. "ವಾಪಸ್ ಕರ್ಕೊಂಡೋಗವ್ವಾ. ಒಲೆ ಪಕ್ಕ ಮಲಗ್ತೀನಿ. ಯಾರ್ಗೂ ಕಾಣಿಸ್ಕೊಳ್ಳಲ್ಲ."

"ಅಲ್ಲಿ ನಿಂಗೆ ಜಾಗ ಇಲ್ಲ ಕಣೇ," ಅಂದೆ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಹೆತ್ತವರಿರುವ ಹುಡುಗಿ ಗಂಡನ ಮನೆಗೆ ಹೋದರೂ ಯುಗಾದಿಗೆ, ಬಾಣಂತನಕ್ಕೆ ತೌರಿಗೆ ಬರುತ್ತಾಳೆ. ಜಗಳವಾಡಿಕೊಂಡರೂ ಬರುತ್ತಾಳೆ. ಇವಳನ್ನು ಸಾಕಿದವರು ಹದಿನೆಂಟು ತುಂಬಿದ ದಿನವೇ ಸಂಬಂಧ ಮುಗಿಯಿತು ಅಂದುಬಿಟ್ಟರು. ಹಸುವಿನ ಕರುವಿಗೂ ಹಾಲು ಬಿಡಿಸುವಾಗ ನಾವು ದಿನ ದಿನ ಸ್ವಲ್ಪ ಸ್ವಲ್ಪ ಬಿಡಿಸುತ್ತೇವೆ.

ಒಂಬತ್ತನೆಯ ದಿನ

ಪೇಚಿಯಮ್ಮ ತಟ್ಟೆಯಲ್ಲಿ ಹೂವು, ವೀಳ್ಯದೆಲೆ ಇಟ್ಟುಕೊಂಡು ಬಂದಳು. ನಾನು ಮೋರಿಯ ಹತ್ತಿರ ಪಾತ್ರೆ ತಿಕ್ಕುತ್ತಾ ಕೂತೆ. ತಲೆ ಎತ್ತಲಿಲ್ಲ. ಎತ್ತಿದ್ದರೆ ಚೆಲ್ಲಮ್ಮ ನನ್ನ ಮುಖ ನೋಡುತ್ತಿದ್ದಳು.

"ಏನಮ್ಮಾ, ಸರಿ ತಾನೆ?" ಅಂದಳು ಪೇಚಿಯಮ್ಮ.

ನಾನು ತಿಕ್ಕುತ್ತಲೇ ಇದ್ದೆ. ಇನ್ನೊಂದಿಷ್ಟು ಹೊತ್ತು ತಿಕ್ಕಿದ್ದರೆ ಪಾತ್ರೆಗೆ ತೂತು ಬೀಳುತ್ತಿತ್ತು.

"ಇವತ್ತು ಆಗಲ್ಲ ಅಕ್ಕಾ," ಅಂದಳು ಚೆಲ್ಲಮ್ಮ. "ಮೊದ್ಲು ಆತನ್ನ ನೋಡ್ಬೇಕು. ಕುಡೀದೇ ಇರೋವಾಗ ನೋಡ್ಬೇಕು."

"ಓಹೋ! ಮಹಾರಾಣಿ! ಹಾಗಾದರೆ ನೀನು ಬೆಳಗಿನ ಜಾವವೇ ಬರಬೇಕು!" ಅಂತ ಪೇಚಿಯಮ್ಮ ಬಿದ್ದು ಬಿದ್ದು ನಕ್ಕಳು. ತಂದ ಎಲೆಯನ್ನು ತಾನೇ ಬಾಯಿಗೆ ಹಾಕಿಕೊಂಡಳು. ಹೂವನ್ನು ಮಾತ್ರ ಅವಳ ತಲೆಗೆ ಮುಡಿಸಿ ಹೋದಳು. ಕೆಟ್ಟವಳಲ್ಲ.

ಆ ಮೈದುನನನ್ನು ಚೆಲ್ಲಮ್ಮ ಮದುವೆ ಆಗಲಿಲ್ಲ. ಎರಡು ವರ್ಷದ ಮೇಲೆ ಇನ್ನೊಬ್ಬನನ್ನು ಆದಳು, ಕಾಗದ ಬರೆದಿದ್ದಳು. ಅವನೂ ಮಹಾ ಒಳ್ಳೆಯವನೇನಲ್ಲವಂತೆ. ಆದರೆ ಅವಳೇ ನೋಡಿ ಆದವನು. ಹೆಚ್ಚುಕಮ್ಮಿ ಆದರೆ ಅವನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುತ್ತಾಳಂತೆ.

ನಾನು ಅಂದೇ ಸಂಜೆ ಲಾರಿ ಹತ್ತಿದೆ. ಅವಳು ಕೂಸುಗಳ ಚಪ್ಪರದ ಮುಂದೆ ನಿಂತಿದ್ದಳು, ಸೊಂಟದ ಮೇಲೆ ಮೂಗು ಸೋರುವ ಒಂದು ಮಗು. ಕೈ ಎತ್ತಿದಳು. ಅಳಲಿಲ್ಲ. ಅಳುವುದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ.

ಊರಿಗಾಂ

ಮೇಟ್ರನ್ ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದರು.

"ಒಪ್ಪಿಸಿ ಅದೇ ದಿನ ಹೊರಡಿ ಅಂದಿದ್ದೆ. ಒಂಬತ್ತು ದಿನ ಏನು ಮಾಡ್ತಿದ್ರಿ?"

"ನೀವೂ ನಾನೂ ಹದಿನಾಲ್ಕು ವರ್ಷ ಮಾಡ್ದೇ ಇದ್ದದ್ದನ್ನ ಮಾಡ್ತಿದ್ದೆ."

"ಮಾತು ನೋಡಿಕೊಂಡು ಆಡಿ. ಹಸಿವು ಅಂತ ಬಂದ ಮಗು. ಅನ್ನ ಹಾಕಿದೆವು, ಬಟ್ಟೆ ಕೊಟ್ಟೆವು, ಅಕ್ಷರ ಕಲಿಸಿದೆವು. ಬೀದಿಗೆ ಬೀಳದ ಹಾಗೆ ಕಾಪಾಡಿದೆವು. ಇನ್ನೇನು ಮಾಡಬೇಕಿತ್ತು?"

ಅವರು ಹೇಳಿದ್ದು ಸುಳ್ಳಲ್ಲ. ಅನ್ನ ಹಾಕಿದ್ದು ನಿಜ. ಆ ಮನೆ ಇಲ್ಲದಿದ್ದರೆ ಚೆಲ್ಲಮ್ಮ ನಾಲ್ಕು ವರ್ಷಕ್ಕೇ ಸಾಯುತ್ತಿದ್ದಳು. ಅದಕ್ಕೇ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಅಷ್ಟು ವರ್ಷ ಕಷ್ಟಪಟ್ಟು ಉಳಿಸಿದ ಜೀವವನ್ನು ಒಂದು ರುಜುವಿಗೆ ಕೈಬಿಡುತ್ತಾರಲ್ಲ.

"ಅವ್ಳಿಗೆ ಒಳಗಡೆಯಿಂದ ಬಾಗ್ಲು ಆಕೋಕೆ ಬರ್ತಿರಲಿಲ್ಲ ತಾಯಿ," ಅಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅಕ್ಕಿ, ಕೋಳಿ ಕೂಗಿದ್ದು, ಮದುವೆಗೆ ಸರಿ ಅಂದದ್ದು, ಎಲ್ಲ.  ಅವರು ಒಂದು ಸಲ ಕಿಟಕಿಯ ಕಡೆ ತಿರುಗಿದರು. ಆಮೇಲೆ ಮೇಜಿನ ಮೇಲಿನ ಕಾಗದ ಸರಿಮಾಡುತ್ತಾ, "ಕಾನೂನು ಮಾಡಿದ್ದು ಕಮಿಟಿಯವರು, ನಾನಲ್ಲ. ಚಿಕ್ಕ ಮಕ್ಕಳು ಕಾಯ್ತಾ ಇದ್ದಾರೆ, ದೊಡ್ಡವರು ಜಾಗ ಬಿಡಲೇಬೇಕು. ಬರೋ ವರ್ಷ ಮುನಿರತ್ನಮ್ಮನ ಸರದಿ. ಅವಳಿಗೆ ಮದರಾಸಿನಲ್ಲಿ ಒಂದು ಮನೆಗೆಲಸ ನೋಡಿದ್ದೀವಿ," ಅಂದರು.

"ಇನ್ನೂ ಒಂದು ವರ್ಷ ಐತೆ," ಅಂದೆ.

"ನಿಮ್ಮ ಕೆಲಸ ಅಡುಗೆ, ನಂಜಮ್ಮ."

ಹೌದು ಅಂತ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ತಿಂಡಿಯ ಕೆಲಸ ಮುಗಿದ ಮೇಲೆ ಮುನಿರತ್ನಮ್ಮನ ಕೈಗೆ ಬುಟ್ಟಿ ಕೊಟ್ಟು ಗೇಟಿಗೆ ಕರೆದುಕೊಂಡು ಹೋದೆ. ಕಾವಲುಗಾರ ಅಡ್ಡ ನಿಂತ.

"ಹುಡುಗೀನ ಎಲ್ಲಿಗೆ ಕರ್ಕೊಂಡೋಗ್ತೀಯವ್ವಾ? ಚೀಟಿ ಎಲ್ಲಿ?"

"ಬದ್ನೆಕಾಯಿ ತರಾಕೆ ಯಾವ ಚೀಟಿಲಾ? ತೆಗಿ ಗೇಟು."

ತೆಗೆದ. ಮಾರ್ಕೆಟ್ಟಿನ ತನಕ ನಡೆದೆವು. ಬಂಡಿ ಬಂದಾಗಲೆಲ್ಲ ಅವಳು ನನ್ನ ಸೆರಗು ಹಿಡಿಯುತ್ತಿದ್ದಳು. ತರಕಾರಿಯವರ ಸಾಲು ಬಂದಾಗ ಸೆರಗು ಬಿಡಿಸಿ, "ಓಗು, ನೋಡಿ ತಗೊ," ಅಂತ ಹೇಳಿ ಹತ್ತು ಹೆಜ್ಜೆ ಆಚೆ ನಿಂತೆ. ತರಕಾರಿಯವಳು ಒಂದೇ ನೋಟಕ್ಕೆ ಹುಡುಗಿಯನ್ನು ಅಳೆದಳು. ಮೇಲಿನ ಕಾಯಿ ತೋರಿಸಿ ಕೆಳಗಿನದನ್ನು ಬುಟ್ಟಿಗೆ ತುಂಬಿದಳು. ಎಲ್ಲ ನನಗೆ ಕಾಣುತ್ತಿತ್ತು. ಬಾಯಿ ತುರಿಸಿತು. ಮುಚ್ಚಿಕೊಂಡು ನಿಂತೆ.

ಮುನಿರತ್ನಮ್ಮ ಓಡಿ ಬಂದು ಬುಟ್ಟಿ ತೋರಿಸಿದಳು. ಅರ್ಧಕ್ಕರ್ಧ ಹುಳುಕು.

"ಚೆನ್ನಾಗವ ಅವ್ವಾ?"

"ಮನೇಗೋಗಿ ನೀನೇ ಕೊಯ್ದು ನೋಡು," ಅಂದೆ.